ಇಪ್ಪತ್ತನೇ ಹಾಸಿಗೆಯ ಉತ್ತರ

ಕಾಶವ್ವನಿಗೆ ಮಾತಿರಲಿಲ್ಲ. ಕತ್ತು ತಿರುಗುತ್ತಿರಲಿಲ್ಲ, ಕೈ ಏಳುತ್ತಿರಲಿಲ್ಲ, ಕಣ್ಣಿನ ರೆಪ್ಪೆ ಕೂಡ ಅರ್ಧಕ್ಕೆ ಇಳಿದು ಅಲ್ಲೇ ನಿಲ್ಲುತ್ತಿತ್ತು. ಆದರೂ ಅವಳನ್ನು ಬಲ್ಲವರೆಲ್ಲ ಮೊದಲು ಮಾತಿನ ವಿಷಯವನ್ನೇ ಎತ್ತುತ್ತಿದ್ದರು. ಬಸ್ ನಿಲ್ದಾಣದ ಹಿಂದೆ ಖಾನಾವಳಿ ನಡೆಸಿದ ಹೆಂಗಸು ಅವಳು. ಒಳಗೆ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಲೇ, ಹೊರಗೆ ಯಾರ ತಾಟಿನಲ್ಲಿ ಪಲ್ಯ ಮುಗಿದಿದೆ, ಯಾರು ಇನ್ನೊಂದು ಸಲ ಮೊಸರು ಕೇಳಲು ನಾಚುತ್ತಿದ್ದಾರೆ ಎಂದು ಕೂಗಿ ಹೇಳುತ್ತಿದ್ದಳು. ಲಕ್ವಾ ಹೊಡೆದಾಗಲೂ ತರಕಾರಿಯವನನ್ನು ಬೈಯುತ್ತಿದ್ದಳು. ಬೈಗುಳ ಅರ್ಧಕ್ಕೆ ನಿಂತಿತು. ಉಳಿದರ್ಧ ಏನಿತ್ತು ಎಂದು ತರಕಾರಿಯವನು ಈಗಲೂ ಯೋಚಿಸುತ್ತಾನಂತೆ.

ಮಗಳು ಅನಸೂಯಾ ಕೆಲಸ ಮಾಡುತ್ತಿದ್ದದ್ದು ಊರ ಹೊರಗಿನ ಪ್ರತಿವಚನ ಕೇಂದ್ರದಲ್ಲಿ. ಹಿಂದೆ ಹತ್ತಿ ಜಿನ್ನಿಂಗ್ ಮಿಲ್ ಆಗಿದ್ದ ಕಟ್ಟಡ ಅದು. ಗೋಡೆಗೆ ಸುಣ್ಣ ಹೊಡೆದು, ಒಂದು ಬದಿಗೆ ವಾರ್ಡು, ಅಂಗಳದಾಚೆ ಕಂಪ್ಯೂಟರ್ ಕೋಣೆ ಮಾಡಿದ್ದರು. ಮಾತು ಹೋದವರನ್ನು ಮಾತಾಡಿಸುವುದು ಆ ಕೇಂದ್ರದ ಕೆಲಸ.

ಅದು ನಡೆಯುತ್ತಿದ್ದದ್ದು ಹೀಗೆ. ರೋಗಿಯ ತಲೆಬುರುಡೆಯ ಕೆಳಗೆ ಕೂದಲಿಗಿಂತ ತೆಳುವಾದ ಎಳೆಗಳ ಜಾಲರಿ ಕೂರಿಸುತ್ತಾರೆ. ಮಿದುಳಿನಲ್ಲಿ ಏಳುವ ನೆನಪು, ಬಯಕೆ, ನೋವು ಎಲ್ಲವನ್ನೂ ಅದು ಹಾಸಿಗೆಯ ಪಕ್ಕದ ಪೆಟ್ಟಿಗೆಯೊಳಗಿನ ಡೇಟಾಬೇಸ್‌ಗೆ ಇಳಿಸುತ್ತದೆ. ಪ್ರಶ್ನೆಯನ್ನು ಒಟ್ಟಿಗೇ ಓಡುವ ಕೋಡಿನ ಸಾಲುಗಳ ಒಂದು ಕಟ್ಟಿನಲ್ಲಿ, ಅಂದರೆ ಬ್ಲಾಕಿನಲ್ಲಿಟ್ಟು ಒಳಗೆ ಕಳಿಸಬೇಕು. ಆ ಬ್ಲಾಕು ಪೆಟ್ಟಿಗೆಯೊಳಗೆ ಓಡಾಡಿ, ಪ್ರಶ್ನೆಗೆ ಮಿದುಳಿನಲ್ಲಿ ಏನೆದ್ದಿತೋ ಅದನ್ನು ಹೆಕ್ಕಿ, ಪದಗಳಾಗಿ ಜೋಡಿಸುತ್ತದೆ. ಜಾಲರಿ ಮಿದುಳಿಗೆ ಹೊಂದಿಕೊಳ್ಳಲು ತಿಂಗಳುಗಳು ಬೇಕು. ಒಮ್ಮೆ ಪೆಟ್ಟಿಗೆ ಅಳಿಸಿದರೆ ಜಾಲರಿಯೂ ಸತ್ತಂತೆ. ಅದೇ ತಲೆಗೆ ಎರಡನೇ ಸಲ ಕೂರಿಸಲು ಬರುವುದಿಲ್ಲ.

ಇದನ್ನೆಲ್ಲ ಅನಸೂಯಾಗೆ ಕಲಿಸಿದವರು ಕೇಂದ್ರದ ಮುಖ್ಯಸ್ಥ ಇನಾಮತಿ ಸರ್. ಡಿಪ್ಲೊಮಾ ಮುಗಿಸಿ ಮೊಬೈಲ್ ಅಂಗಡಿಯಲ್ಲಿ ಕುಳಿತಿದ್ದವಳನ್ನು ಕರೆದು ಕೆಲಸ ಕೊಟ್ಟವರೂ ಅವರೇ. ಮೊದಲ ದಿನದ ಪಾಠ ಅವಳಿಗೆ ಬಾಯಿಪಾಠವಾಗಿತ್ತು.

"ನೋಡವಾ," ಎಂದಿದ್ದರು, "ಡೇಟಾಬೇಸಿಗೆ ಬಿಡಿ ಪ್ರಶ್ನೆ ಕೇಳಿದ್ರ ಉತ್ತರಾ ತಾನ ಎದುರಿಗೆ ಬಂದು ನಿಲ್ತದ. ಅದನ್ನ ಬ್ಲಾಕಿನೊಳಗ ಇಟ್ಟು ಕೇಳಿದ್ರ ಬರೂದಿಲ್ಲ. ಉತ್ತರಾ ಒಳಗ ಹುಟ್ತದ, ಬ್ಲಾಕ್ ಮುಗದ ಕೂಡ್ಲೆ ಒಳಗ ಸಾಯ್ತದ. ಹೊರಗ ಕಳಸಾಕ ನಾವು ಒಂದ ಬಾಗಲಾ ಇಡಬೇಕು. ಇಡದಿದ್ರೂ ಯಂತ್ರ ತಪ್ಪಾತು ಅನ್ನೂದಿಲ್ಲ. ಯಶಸ್ವಿಯಾಗಿ ಮುಗಿದಿದೆ ಅಂತ ಹಸರ ದೀಪಾ ತೋರಸ್ತದ."

ಆ ಬಾಗಿಲು ಇರುತ್ತಿದ್ದದ್ದು ಬ್ಲಾಕಿನ ಕೊನೆಯಲ್ಲಿ. ಆ ಭಾಗವನ್ನು ಇನಾಮತಿ ಸರ್ ತಾವೇ ಬರೆದು ಬೀಗ ಹಾಕಿಟ್ಟಿದ್ದರು. ಬೇರೆಯವರು ಜೋಡಿಸಬಹುದಿತ್ತು, ಬಿಚ್ಚಿ ಓದುವಂತಿರಲಿಲ್ಲ. ಅನಸೂಯಾ ನಡುವೆ ಪ್ರಶ್ನೆಯನ್ನಷ್ಟೇ ತುಂಬಬೇಕು. "ತಲಿ, ಬಾಲ ಸರ್‌ದು, ಹೊಟ್ಟಿ ಅಷ್ಟ ನಮ್ಮದು" ಎಂದು ಅವಳೇ ನಗೆಯಾಡುತ್ತಿದ್ದಳು. ಬಾಲದಲ್ಲಿ ಬಾಗಿಲಿದೆಯೋ ಇಲ್ಲವೋ ಎಂಬ ಅನುಮಾನ ಅವಳಿಗೆ ಬಂದೇ ಇರಲಿಲ್ಲ. ಬಾಗಿಲಿಡಬೇಕು ಎಂದು ಹೇಳಿಕೊಟ್ಟವರೇ ಅದನ್ನು ಬರೆದಿದ್ದರಲ್ಲ.

ಅವ್ವನನ್ನು ಕೇಂದ್ರಕ್ಕೆ ಸೇರಿಸುವಾಗ ಅಣ್ಣ ಫಕೀರೇಶ ಬೇಡವೆಂದಿದ್ದ. ಆದರೂ ಅನಸೂಯಾ ಸರ್ ಹತ್ತಿರ ಹೋಗಿ ಕೇಳಿದ್ದಳು: "ಸರ್, ನಮ್ಮವ್ವನ್ನ ಕರಕೊಂಡ ಬರಲೇನ್ರಿ?"

"ಕೇಳಬೇಕೇನು? ಇವತ್ತ ಕರಕೊಂಡ ಬಾ," ಎಂದಿದ್ದರು ಸರ್. ಕಾಶವ್ವನಿಗೆ ಇಪ್ಪತ್ತನೇ ಹಾಸಿಗೆ ಸಿಕ್ಕಿತು. ಅದು ಕೊನೆಯದು, ಪೂರ್ವದ ಕಿಟಕಿಯ ಬಳಿಯದು. ಜಾಲರಿ ಹೊಂದಿಕೊಂಡ ಮೇಲೆ ಇಪ್ಪತ್ತೂ ಮಂದಿಯ ಮೇಲೆ ಆರು ತಿಂಗಳ ಪ್ರಯೋಗ ಒಟ್ಟಿಗೇ ಶುರುವಾಯಿತು.

ದಿನಕ್ಕೆ ಒಬ್ಬರಿಗೆ ಒಂದೇ ಪ್ರಶ್ನೆ ಎಂಬುದು ನಿಯಮ. ಹೆಚ್ಚು ಕೇಳಿದರೆ ಮಿದುಳು ದಣಿಯುತ್ತದೆಂದು ಸರ್ ಹೇಳಿದ್ದರು. ಬೆಳಿಗ್ಗೆ ಮನೆಯವರು ಬಂದು ವರಾಂಡದ ಬೆಂಚಿನ ಮೇಲೆ ಕೂರುತ್ತಿದ್ದರು. ಅನಸೂಯಾ ಒಬ್ಬೊಬ್ಬರ ಹತ್ತಿರ ಹೋಗಿ ಅಂದಿನ ಪ್ರಶ್ನೆ ಕೇಳಿಕೊಂಡು ಬರುತ್ತಿದ್ದಳು. ಒಳಗೆ ಮಲಗಿದ್ದ ಲಾರಿ ಡ್ರೈವರನ ಹೆಂಡತಿ ಶಿವಲಿಂಗವ್ವನದು ದಿನವೂ ಒಂದೇ ಪ್ರಶ್ನೆ: "ನನ್ನ ಮ್ಯಾಲೆ ಸಿಟ್ಟ ಐತೇನಂತ ಕೇಳವಾ." ಯಾಕೆ ಸಿಟ್ಟು ಎಂದು ಅವಳೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಟೇಲರ್ ಮಾಬೂಸಾಬನ ಹೆಂಡತಿ ಹಾಕುತ್ತಿದ್ದ ಮಾವಿನ ಉಪ್ಪಿನಕಾಯಿ ಓಣಿಗೆಲ್ಲ ಹೆಸರಾಗಿತ್ತು. ಅವನು, "ಸಾಸಿವಿ ಹುರದು ಹಾಕ್ತಿದ್ಲೋ, ಹಸೀದೋ, ಅಷ್ಟ ಕೇಳು ಬೇಟಿ" ಎನ್ನುತ್ತಿದ್ದ.

ಶಿವಲಿಂಗವ್ವ ಅವನನ್ನು ಬಿಡುತ್ತಿರಲಿಲ್ಲ. "ಹೇಣ್ತಿ ಹೆಂಗದಾಳಂತ ಕೇಳೂದು ಬಿಟ್ಟು ಉಪ್ಪಿನಕಾಯಿ ಕೇಳ್ತಿಯಲ್ಲೋ ಮಾರಾಯಾ."

"ಹೆಂಗದೀ ಅಂದ್ರ ಆಕಿ ಯಾವತ್ತ ಉತ್ತರಾ ಕೊಟ್ಟಾಳ? ಉಪ್ಪಿನಕಾಯಿ ಅಂದ್ರ ಎದ್ದ ಕುಂದ್ರತಾಳ," ಎನ್ನುತ್ತಿದ್ದ ಮಾಬೂಸಾಬ.

ಹನ್ನೊಂದಕ್ಕೆ ಎಲ್ಲರ ಬ್ಲಾಕೂ ಓಡುತ್ತಿದ್ದವು. ಸ್ಕ್ರೀನಿನ ಮೇಲೆ ಹಸಿರು ದೀಪ, ಅದರ ಕೆಳಗೆ ಉತ್ತರದ ಜಾಗ ಬಿಳಿ. ಅನಸೂಯಾ ಹೊರಗೆ ಬಂದು "ಬರಲಿಲ್ಲ" ಎಂದು ತಲೆಯಾಡಿಸುತ್ತಿದ್ದಳು. ಅವರು ಬುತ್ತಿಯ ಡಬ್ಬಿ ಎತ್ತಿಕೊಂಡು ಹೋಗುತ್ತಿದ್ದರು, ಮರುದಿನ ಮತ್ತೆ ಬರುತ್ತಿದ್ದರು. ಹಸಿರು ದೀಪ ಹತ್ತಿದೆ, ಯಂತ್ರ ಸರಿಯಾಗಿದೆ. ಹಾಗಾದರೆ ಒಳಗೆ ಹೇಳುವಂಥದ್ದೇನೂ ಇಲ್ಲ ಎಂದು ಎಲ್ಲರೂ ತಿಳಿದರು. ಅಂಥವರಿಗೆ ಕೇಂದ್ರದಲ್ಲಿ "ಖಾಲಿ" ಎನ್ನುತ್ತಿದ್ದರು. ಇಪ್ಪತ್ತೂ ಮಂದಿ ಖಾಲಿ.

ಅನಸೂಯಾ ತನ್ನ ಅವ್ವನಿಗೆ ಕೇಳುತ್ತಿದ್ದದ್ದು ಸಣ್ಣ ಪ್ರಶ್ನೆ: "ಏನಾರ ಬೇಕೇನವ್ವಾ?" ಖಾನಾವಳಿಯಲ್ಲಿ ಕಾಶವ್ವ ಎಲ್ಲರಿಗೂ ಕೇಳುತ್ತಿದ್ದ ಪ್ರಶ್ನೆಯೇ ಅದು. ಉತ್ತರ ಬರದಿದ್ದಾಗ ತನಗೆ ತೋಚಿದ್ದನ್ನು ತಾನೇ ಮಾಡುತ್ತಿದ್ದಳು. ಮುಖ ಒರೆಸುತ್ತಿದ್ದಳು, ತಲೆ ಬಾಚುತ್ತಿದ್ದಳು. ಇಡೀ ಆಯುಷ್ಯ ಹೊಗೆ ತುಂಬಿದ, ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಕಳೆದವಳು ಎಂದುಕೊಂಡು ಬೆಳಿಗ್ಗೆ ಎಂಟಕ್ಕೆ ಕಿಟಕಿಯ ಪರದೆ ಪೂರ್ತಿ ಸರಿಸಿ, ಹಾಸಿಗೆಯ ತಲೆದೆಸೆ ಎತ್ತಿ, ಮುಖ ಬೆಳಕಿಗೆ ಮಾಡುತ್ತಿದ್ದಳು. ಮಧ್ಯಾಹ್ನದವರೆಗೂ ಪರದೆ ಮುಟ್ಟಬೇಡ ಎಂದು ಆಯಾ ಹುಸೇನಬಿಗೂ ಹೇಳಿಟ್ಟಿದ್ದಳು.

ಕಾಶವ್ವನ ಕಣ್ಣಿಂದ ನೀರು ಇಳಿಯುತ್ತಿತ್ತು. ಅದನ್ನು ಸರ್‌ಗೆ ತೋರಿಸಿದಾಗ ಅವರು ಒಮ್ಮೆ ಬಗ್ಗಿ ನೋಡಿದರು. "ಕಣ್ಣಿನ ತೇವ. ಅದರಾಗ ಅರ್ಥ ಹುಡಕಬ್ಯಾಡ," ಎಂದರು.

ಪ್ರಯೋಗ ಮುಗಿಯುವ ಹಿಂದಿನ ಸಂಜೆ ಫಕೀರೇಶ ಖಾನಾವಳಿಯಲ್ಲಿ ತಾಟು ಒರೆಸುತ್ತ ಕುಳಿತಿದ್ದ. ಅವ್ವನ ಜಾಗದಲ್ಲಿ ಈಗ ಅವನ ಹೆಂಡತಿ ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಳು.

"ನಾಳೆ ಮಧ್ಯಾಹ್ನ ಟಂಟಂ ರಿಕ್ಷಾ ತರ್ತೀನಿ," ಎಂದ ಫಕೀರೇಶ. "ಅವ್ವನ್ನ ಮನಿಗೆ ತರೂಣು."

"ನಾಳೆ ಇನ್ನೊಂದ ಪ್ರಶ್ನೆ ಐತಣ್ಣ."

"ಆರ ತಿಂಗಳ ಕೇಳಿದಿ. ಸಾಕಾಗಿಲ್ಲೇನ ನಿನಗ?" ಅವನು ತಾಟನ್ನು ಕೆಳಗಿಟ್ಟ. "ಅವ್ವ ಎಂದಾರ ಯಾರಿಗಾರ ಉತ್ತರ ಕೊಡದ ಬಿಟ್ಟಾಳೇನ ಅನಸೂಯಾ? ಹೌದಿಲ್ಲೋ? ಒಂದಂದ್ರ ನಾಕ ಅಂತಿದ್ಲು. ಅಂಥಾಕಿ ಸುಮ್ನದಾಳಂದ್ರ ಅವ್ವ ಒಳಗಿಲ್ಲ. ಇಲ್ಲಾ, ನಿಮ್ಮ ಯಂತ್ರ ಕಿವುಡು. ಎರಡ್ರಾಗ ಒಂದು."

"ಯಂತ್ರ ಸರಿ ಐತಿ. ದಿನಾ ಹಸರ ದೀಪಾ ಬರತೈತಿ."

"ದೀಪಾ ನಮ್ಮ ಫ್ರಿಜ್ಜಿನಾಗೂ ಐತಿ. ಎರಡಕ್ಕ ಎರಡ ಕೂಡ್ಸಿದ್ರ ಎಷ್ಟಂತಾರ ಹೇಳತೈತೋ ಇಲ್ಲೋ ಅದು?"

"ನಿಮಗಾರ ಬರತೈತೇನ್ರಿ?" ಎಂದಳು ಕಸ್ತೂರಿ ಒಳಗಿನಿಂದ. "ಮಧ್ಯಾಹ್ನ ಎಂಟ ಮಂದಿ ಕುಂತ್ರ ಏಳ ತಾಟ ಹಾಕಿದ್ರಿ."

ಅನಸೂಯಾ ನಗಲಿಲ್ಲ. ಅಣ್ಣ ಕುಟುಕಲು ಆಡಿದ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕ ಜೋಳದ ಸಿಪ್ಪೆಯ ಹಾಗೆ ಅವಳನ್ನು ಕಾಡಿತು. ನಿಜ, ಉತ್ತರ ಗೊತ್ತಿರುವ ಪ್ರಶ್ನೆಯನ್ನು ಅವಳು ಆ ಯಂತ್ರಕ್ಕೆ ಒಮ್ಮೆಯೂ ಕೇಳಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಎಂದಿನಂತೆ ಪರದೆ ಸರಿಸಿ, ಅವ್ವನ ಮುಖ ಬೆಳಕಿಗೆ ಮಾಡಿ, ಅಂಗಳ ದಾಟಿ ಕಂಪ್ಯೂಟರ್ ಕೋಣೆಗೆ ಹೋದಳು. ಮಧ್ಯಾಹ್ನ ಹನ್ನೆರಡಕ್ಕೆ ಇಪ್ಪತ್ತೂ ಪೆಟ್ಟಿಗೆ ಅಳಿಸುವುದೆಂದು ನಿಗದಿಯಾಗಿತ್ತು. ಕೋಣೆಯಲ್ಲಿ ಬೇರೆ ಯಾರೂ ಬಂದಿರಲಿಲ್ಲ. ಹೊಸ ಬ್ಲಾಕ್ ತೆರೆದು, ಯಾವ ರೋಗಿಯನ್ನೂ ಮುಟ್ಟದೆ, ನಡುವೆ ಎರಡಕ್ಕೆ ಎರಡು ಕೂಡಿಸಲು ಬರೆದಳು. ಸರ್ ಬರೆದ ಬಾಲ ಜೋಡಿಸಿ ಓಡಿಸಿದಳು.

ಯಶಸ್ವಿಯಾಗಿ ಮುಗಿದಿದೆ. ಹಸಿರು ದೀಪ. ಕೆಳಗೆ ಬಿಳಿ.

ತನ್ನ ಹೆಸರನ್ನು ಕೊಟ್ಟು ಅದನ್ನೇ ವಾಪಸ್ ಕೇಳಿದಳು. ಬಿಳಿ. ಸರ್ ಬರೆದ ಬಾಲ ಕಿತ್ತುಹಾಕಿ, ಉತ್ತರವನ್ನು ಹೊರಗೆ ದಾಟಿಸುವ ಎರಡು ಸಾಲನ್ನು ಸ್ವಂತ ಬರೆದು ಮೊದಲಿನ ಲೆಕ್ಕವನ್ನೇ ಮತ್ತೆ ಓಡಿಸಿದಳು.

4.

ಅವಳು ಆ ಅಂಕಿಯನ್ನು ನೋಡುತ್ತ ಕುಳಿತಳು. ಪಾಠ ಮಾಡಿದ ಮನುಷ್ಯ ಬಾಗಿಲಿಡಲು ಮರೆಯುವವನಲ್ಲ. ಮರೆತಿದ್ದರೂ ಒಂದು ದಿನ ಮರೆಯಬಹುದು, ಎರಡು ದಿನ ಮರೆಯಬಹುದು. ಇಪ್ಪತ್ತು ಮಂದಿ ಮೊದಲ ವಾರವೇ ಮೂಕರಾದಾಗ ಯಾರಾದರೂ ಮೊದಲು ನೋಡುವುದು ಬಾಗಿಲನ್ನೇ.

ಇಪ್ಪತ್ತನೇ ಪೆಟ್ಟಿಗೆಗೆ ದಿನದ ಪ್ರಶ್ನೆಯನ್ನೇ ಹಾಕಿ, ತಾನು ಬರೆದ ಬಾಗಿಲು ಜೋಡಿಸಿ ಕಳಿಸಿದಳು. ಬ್ಲಾಕು ಸ್ವಲ್ಪ ಹೊತ್ತು ಓಡಿತು. ಬಿಳಿಯ ಜಾಗದಲ್ಲಿ ಪದಗಳು ಬಂದವು.

ಬಿಸಲು ಕಣ್ಣಾಗ. ಬಿಸಲು. ಪಡದಾ ಹಾಕ ಅನ್ಸಿ. ದಿನಾ ಹೇಳಾಕತ್ತೀನಿ. ಪಡದಾ ಹಾಕ.

ಅನ್ಸಿ ಎಂದು ಅವಳನ್ನು ಕರೆಯುತ್ತಿದ್ದವಳು ಜಗತ್ತಿನಲ್ಲಿ ಒಬ್ಬಳೇ.

ಅನಸೂಯಾ ಎದ್ದು ಓಡಿದಳು. ಅಂಗಳ ದಾಟುವಾಗ ಒಂದು ಚಪ್ಪಲಿ ಕಳಚಿತು. ವಾರ್ಡಿನಲ್ಲಿ ಎಳೆಬಿಸಿಲು ಕಿಟಕಿಯಿಂದ ನೇರ ಕಾಶವ್ವನ ಮುಖಕ್ಕೆ ಹೊಡೆಯುತ್ತಿತ್ತು. ಮುಚ್ಚದ ರೆಪ್ಪೆಗಳ ನಡುವೆ ಕಣ್ಣು ಕೆಂಪಗೆ ತೆರೆದಿತ್ತು. ನೀರು ಕೆನ್ನೆಯ ಮೇಲೆ ಹರಿದು ಕಿವಿಯ ಹತ್ತಿರ ಒಣಗಿತ್ತು. ಅವಳು ಪರದೆ ಎಳೆದಳು.

"ಯಾಕ ಯವ್ವಾ, ಕತ್ತಲಾ ಮಾಡಿದಿ?" ಎಂದಳು ಹುಸೇನಬಿ ಬಕೆಟ್ ಕೆಳಗಿಟ್ಟು. "ನೀನ ಅಲ್ಲೇನು, ಅವ್ವಗ ಬೆಳಕ ಬೇಕು, ಮುಟ್ಟಬ್ಯಾಡ ಅಂದಾಕಿ?"

"ನಾನ," ಎಂದಳು ಅನಸೂಯಾ.

ಒದ್ದೆ ಬಟ್ಟೆಯನ್ನು ಅವ್ವನ ಕಣ್ಣಿನ ಮೇಲೆ ಇಟ್ಟಳು. ಹಾಸಿಗೆಯ ತಲೆದೆಸೆ ಇಳಿಸಿದಳು. "ಹಾಕೀನವ್ವಾ, ಪಡದಾ ಹಾಕೀನಿ" ಎಂದು ನಾಲ್ಕಾರು ಸಲ ಹೇಳಿದಳು. ಕಣ್ಣೀರು ನಿಂತಿತು. ಅಷ್ಟಕ್ಕೆ ಹತ್ತು ನಿಮಿಷ ಹಿಡಿದಿರಬಹುದು. ಆಮೇಲೆ ಉಳಿದ ಹತ್ತೊಂಬತ್ತು ಹಾಸಿಗೆಗಳು ಅವಳಿಗೆ ಕಂಡವು. ರೋಗಿಗಳು ಸಾಲಾಗಿ ಮಲಗಿದ್ದರು, ಎಲ್ಲರ ಬಾಯಿಯೂ ತುಸು ತೆರೆದಿತ್ತು. ಅವಳು ವಾಪಸ್ ಓಡಿದಳು.

ಅವಳ ಕುರ್ಚಿಯಲ್ಲಿ ಇನಾಮತಿ ಸರ್ ಕುಳಿತಿದ್ದರು. ಮುಂದೆ ಚಹಾದ ಕಪ್ಪಿತ್ತು. ಸ್ಕ್ರೀನಿನ ಮೇಲೆ ಇಪ್ಪತ್ತು ಪೆಟ್ಟಿಗೆಗಳ ಚಿತ್ರ, ಇಪ್ಪತ್ತೂ ಬೂದು ಬಣ್ಣ.

"ಹನ್ನೆರಡಕ್ಕ ಅಳಸೂದಿತ್ತಲ್ರಿ ಸರ್?"

"ಹೌದು. ಈಗ ಅಳಸಿದೆ." ಅವರು ಅವಳ ಬರಿಗಾಲು ನೋಡಿದರು. "ನೀ ಬಾಗಲಾ ತಗದಿ ಅಂತ ನನ್ನ ಫೋನಿಗೆ ಬಂತು. ಕೂತೇ ಇದ್ದಿ ಅಂದ್ರ ಎಲ್ಲಾರಿಗೂ ಕೇಳಿ ಮುಗಸ್ತಿದ್ದಿ. ಎಲ್ಲಿಗೆ ಹೋಗಿದ್ದಿ?"

ಅವಳು ಬಾಗಿಲಲ್ಲೇ ನಿಂತು ಬೂದು ಪೆಟ್ಟಿಗೆಗಳನ್ನು ಎಣಿಸಿದಳು.

"ಕೂಡವಾ, ಹೇಳ್ತೀನಿ," ಎಂದರು ಸರ್. ಅವರ ದನಿ ಪಾಠ ಮಾಡುವ ದನಿಯೇ ಆಗಿತ್ತು. "ನೀ ಸೇರೂಕಿಂತ ಮದ್ಲ ಐದ ಮಂದಿ ಇದ್ರು. ಅವರಿಗೆ ಬಾಗಲಾ ಇಟ್ಟಿದ್ದೆ. ಐದೂ ಮಂದಿ ಉತ್ತರಾ ಕೊಟ್ರು. ಏನಂದ್ರು ಗೊತ್ತದ ಏನು? ಮನಿಗೆ ಕರಕೊಂಡ ಹೋಗ್ರಿ. ಐದಕ್ಕ ಐದೂ ಅದ. ಮನಿಯವರು ಅತಗೋತ ಬಂದು ಹೊತಗೊಂಡ ಹೋದ್ರು. ಹದಿನೈದ ದಿನದಾಗ ವಾರ್ಡಿನಾಗ ಒಬ್ಬರೂ ಇಲ್ಲ. ಉತ್ತರಾ ಕೊಡೋ ಪೇಶಂಟ್ ಉಳಿಯೂದಿಲ್ಲ, ಅನಸೂಯಾ."

"ಉತ್ತರಾ ಬ್ಯಾಡಾಗಿದ್ರ ದಿನಾ ಯಾಕ ಕೇಳಿಸಿದ್ರಿ?"

"ಪ್ರಶ್ನೆ ಮಿದುಳಿನಾಗ ಯಾವ ದಾರಿ ಹಿಡದು ಹೋಗ್ತದ ಅನ್ನೋದು ನನಗ ಬೇಕಾಗಿತ್ತು. ದಾರಿ ಎಲ್ಲಾ ಸಿಕ್ಕದ. ಅದನ್ನ ಬ್ಯಾರೆ ಇಟ್ಟೀನಿ. ಅದರಿಂದ ಮುಂದಿನ ಯಂತ್ರ ಆಗ್ತದ. ಸಾವಿರಾರು ಮಂದಿ ಮಾತಾಡ್ತಾರ."

"ನಮ್ಮವ್ವ?"

"ನಿಮ್ಮವ್ವನೂ ಆ ದಾರಿಯೊಳಗ ಅದಾಳ."

ಅನಸೂಯಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕೇಳಬಾರದೆಂದುಕೊಂಡರೂ ಕೇಳಿದಳು. "ಅವ್ವನ್ನ ಕರಕೊಂಡ ಬರಲೇನ್ರಿ ಅಂದಾಗ ನಿಮಗ ಇದೆಲ್ಲಾ ಗೊತ್ತಿತ್ತು. ಬಾ ಅಂದ್ರಿ."

ಸರ್ ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿದರು. ಅವಳ ಮುಖ ಬಿಟ್ಟು ಬೇರೆಲ್ಲೋ ನೋಡಿದರು.

"ಹತ್ತೊಂಬತ್ತ ತುಂಬಿತ್ತು," ಎಂದರು. "ಇಪ್ಪತ್ತ ಬೇಕಾಗಿತ್ತು."

ವರಾಂಡದಲ್ಲಿ ಮನೆಯವರು ಕೊನೆಯ ಪ್ರಶ್ನೆ ಹೇಳಲು ಕುಳಿತಿದ್ದರು. ಅನಸೂಯಾ ಅವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಒಳಗಿನವರು ದಿನವೂ ಉತ್ತರ ಕೊಟ್ಟಿರಬಹುದು, ಉತ್ತರ ಹೊರಗೆ ಬರದ ಹಾಗೆ ಸರ್ ಮಾಡಿದ್ದರು, ಈಗ ಪೆಟ್ಟಿಗೆಗಳನ್ನು ಅಳಿಸಿದ್ದಾರೆ. ಕೆಲವರಿಗೆ ಅರ್ಥವಾಗಲಿಲ್ಲ. ಇಬ್ಬರು ಸರ್‌ರ ಕೋಣೆಯ ಕಡೆ ನುಗ್ಗಿದರು. ವಾಚ್‌ಮನ್ ಒಳಗಿನಿಂದ ಚಿಲಕ ಹಾಕಿಕೊಂಡಿದ್ದ.

ಶಿವಲಿಂಗವ್ವ ಅವಳ ಕೈ ಹಿಡಿದಳು. "ನಮ್ಮವರು ಏನಂದ್ರವಾ?"

"ಗೊತ್ತಿಲ್ಲಬೇ. ಅಳಸ್ಯಾರ."

"ಹಂಗಾರ ಇನ್ನೊಮ್ಮೆ ಕೇಳು."

"ಬರೂದಿಲ್ಲಬೇ. ಇನ್ನ ಎಂದೂ ಕೇಳಾಕ ಬರೂದಿಲ್ಲ."

"ಬ್ಯಾರೆ ಏನೂ ಬ್ಯಾಡ. ಸಿಟ್ಟ ಐತೋ ಇಲ್ಲೋ, ಅಷ್ಟ." ಅವಳು ಕೈ ಬಿಡಲಿಲ್ಲ. "ಒಂದ ಮಾತು. ಐತಿ ಅಂದ್ರೂ ನಡೀತೈತಿ."

ಮಾಬೂಸಾಬ ಬೆಂಚಿನಿಂದ ಎದ್ದಿರಲಿಲ್ಲ. ಅಲ್ಲಿಂದಲೇ, "ಹೇಳಿದ್ಲಂತೀಯೇನು ಆಕಿ?" ಎಂದ.

"ಹೇಳಿರಬೇಕು ಚಾಚಾ."

"ಹಂಗಾರ ಬೈದಿರಬೇಕು ಬಿಡು. ದಿನಾ ಅದನ್ನ ಕೇಳ್ತಿಯಲ್ಲೋ ಬೇವಕೂಫ್, ಅಂದಿರಬೇಕು." ಅವನು ನಗಲು ನೋಡಿದ. ಆಗಲಿಲ್ಲ. ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ.

ಮಧ್ಯಾಹ್ನ ಫಕೀರೇಶ ಟಂಟಂ ತಂದ. ಇಬ್ಬರೂ ಸೇರಿ ಅವ್ವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು. ಅನಸೂಯಾ ಎಲ್ಲವನ್ನೂ ಹೇಳಿದಳು. ಅವನು ಚಾವಿ ತಿರುಗಿಸಲು ಹೋದವನು ಕೈ ತೆಗೆದ.

"ಹಂಗಾರ ಅವ್ವ ಅದಾಳ," ಎಂದ.

"ಅದಾಳ."

"ಏನಂದ್ಲು?"

ಹೇಳಿದಳು. ಅವನ ಮುಖ ಅರೆಕ್ಷಣ ಅರಳಿತು, ಅವ್ವನ ಬೈಗುಳ ಕೇಳಿದಾಗ ಅರಳುತ್ತಿದ್ದ ಹಾಗೆ. ಆಮೇಲೆ ಕೇಳಿದ: "ದಿನಾ ಪಡದಾ ತಗೀತಿದ್ದದ್ದು ಯಾರು?"

"ನಾನ."

ಫಕೀರೇಶ ಗಾಡಿ ಶುರುಮಾಡಿದ.

ರೋಗಿಗಳ ಮನೆಯವರು ದೂರು ಕೊಟ್ಟರು. ವಿಚಾರಣೆಗೆ ಮೂರು ಮಂದಿ ಬಂದರು. ಅವರು ಕೇಂದ್ರದ ದಾಖಲೆ ತೆರೆದು ನೋಡಿದರೆ ಎಲ್ಲ ಸರಿಯಾಗಿತ್ತು: ಪ್ರತಿ ದಿನ, ಪ್ರತಿ ಹಾಸಿಗೆ, ಯಶಸ್ವಿಯಾಗಿ ಮುಗಿದಿದೆ. ಬಾಗಿಲಿಲ್ಲದ ಬ್ಲಾಕು ತಪ್ಪು ಬ್ಲಾಕಲ್ಲ ಎಂದು ಅವರಲ್ಲೊಬ್ಬರು ಅನಸೂಯಾಗೇ ತಿಳಿಸಿ ಹೇಳಿದರು. ಅವಳು ಕಂಡ ಉತ್ತರವನ್ನು ಅವಳಲ್ಲದೆ ಬೇರೆ ಯಾರೂ ಕಂಡಿರಲಿಲ್ಲ. ಇನಾಮತಿ ಸರ್ ಬೇರೆ ಊರಿಗೆ ಹೋದರು. ಅಲ್ಲಿ ದೊಡ್ಡ ಕಟ್ಟಡ ಇದೆಯಂತೆ.

ಕಾಶವ್ವನ ಮಂಚವನ್ನು ಈಗ ಖಾನಾವಳಿಯ ಒಳಕೋಣೆಯಲ್ಲಿ, ಕಿಟಕಿಗೆ ಬೆನ್ನಾಗುವಂತೆ ಹಾಕಿದ್ದಾರೆ. ಹೊರಗೆ ತಾಟಿನ ಸದ್ದು ಕೇಳುತ್ತದೆ. ಅನಸೂಯಾ ಮತ್ತೆ ಮೊಬೈಲ್ ಅಂಗಡಿಗೆ ಹೋಗುತ್ತಾಳೆ. ಹೊರಡುವ ಮೊದಲು ಅವ್ವನ ಪಕ್ಕ ನಿಂತು, ಏನಾರ ಬೇಕೇನವ್ವಾ ಎನ್ನುತ್ತಾಳೆ. ಸ್ವಲ್ಪ ಹೊತ್ತು ಕಾಯುತ್ತಾಳೆ, ಆಮೇಲೆ ಹೋಗುತ್ತಾಳೆ. ಅವ್ವ ಈಗ ಏನು ಹೇಳುತ್ತಿದ್ದಾಳೆಂದು ತಿಳಿಯುವ ದಾರಿ ಇಲ್ಲ. ಕೇಂದ್ರದಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಎಷ್ಟಕ್ಕೆ ನಿಜವಾಗಿಯೂ ಉತ್ತರ ಹುಟ್ಟಿತ್ತು, ಎಷ್ಟು ಖಾಲಿ ಇದ್ದವು ಎಂದು ತಿಳಿಯಲೂ ದಾರಿ ಇಲ್ಲ.

ಹಾಸಿಗೆ ಇಪ್ಪತ್ತು. ಆ ಶುಕ್ರವಾರದ ಮೊದಲು ಕಳೆದ ದಿನ ನೂರ ಎಂಬತ್ತು. ದಿನಕ್ಕೆ ಒಬ್ಬರಿಗೆ ಒಂದು ಪ್ರಶ್ನೆ. ಒಳಗೆ ಹೋದ ಪ್ರಶ್ನೆ ಮೂರು ಸಾವಿರದ ಆರುನೂರು.